ಬಿಳಿ ಎಮ್ಮೆಯ ಹಳದಿ ದೀಪ

ಮಗಳು ಇಬ್ಬನಿಗೆ ಐದು ವರ್ಷವಾಗಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಅವತ್ತು ಹೊಗೆದಿನ. ಕಾರಿನ ಸ್ಟೇರಿಂಗ್ ಕೆಳಗೆ ನುಸುಳಿ, ಎರಡೂ ಕೈಯಿಂದ ಕ್ಲಚ್ ಒತ್ತುತ್ತ, ಹೊರಗೆ ಬರುವುದೇ ಇಲ್ಲವೆಂದು ಹಟ ಹಿಡಿದು ಕೂತಿದ್ದಳು. ನನಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು. "ನಿನ್ನ ಕಾಲು ಕ್ಲಚ್ಚಿಗೆ ಮುಟ್ಟಿದ ವರ್ಷ ನೀನೇ ಓಡಿಸೀಯಂತ. ನಾ ಬಾಜೂಕ ಕುಂದರ್ತೀನಿ. ಒಂದು ಮಾತೂ ಆಡೂದಿಲ್ಲ" ಅಂದೆ. ಅವಸರದಲ್ಲಿ ಬಾಯಿಗೆ ಬಂದದ್ದು. ಮಕ್ಕಳು ನಾವು ಯೋಚಿಸಿ ಹೇಳಿದ್ದನ್ನೆಲ್ಲ ಮರೆತು ಇಂಥದ್ದನ್ನೇ ಗಂಟು ಹಾಕಿಕೊಳ್ಳುತ್ತವೆ.

ಅವಳ ಕಾಲು ಹನ್ನೊಂದಕ್ಕೇ ಮುಟ್ಟಿತು. ಕಾಯಿದೆ ಮಾತ್ರ ಹದಿನೆಂಟು ಅಂದಿತು. ಈ ವರ್ಷ ಹದಿನೆಂಟು ತುಂಬಿತು.

ನಮ್ಮೂರಿನಲ್ಲಿ ರಸ್ತೆಗಳೇ ಗಾಡಿ ನಡೆಸಲು ಶುರುಮಾಡಿ ಒಂದು ತಲೆಮಾರಾಗಿದೆ. ಡಾಂಬರಿನ ಕೆಳಗೆ ತಾಮ್ರದ ಸುರುಳಿಗಳಿವೆ. ಗಾಡಿಗೆ ಕರೆಂಟು ಕೊಡುವವೂ ಅವೇ, ದಾರಿ ಹೇಳುವವೂ ಅವೇ. ಒಳಗೆ ಕೂತವರು ಶೇಂಗಾ ಸುಲಿಯುತ್ತಾರೆ, ನಿದ್ದೆ ತೆಗೆಯುತ್ತಾರೆ, ಜಗಳ ಮಾಡುತ್ತಾರೆ. ಸ್ಟೇರಿಂಗ್ ಅನ್ನುವುದು ಹೊಸ ಗಾಡಿಗಳಲ್ಲಿ ಇಲ್ಲವೇ ಇಲ್ಲ. ಹಳೆಯ ಪೆಟ್ರೋಲ್ ಎಂಜಿನ್ನುಗಳಿಗೆ ವರ್ಷಕ್ಕೆ ಒಂದೇ ದಿನ ಅಪ್ಪಣೆ, ಅದೇ ಹೊಗೆದಿನ. ಯಾವ ದಿನವೆಂದು ಆಯಾ ಊರಿನವರೇ ಆರಿಸಬೇಕೆಂದಾಗ ಹುಬ್ಬಳ್ಳಿಯವರು ಚರ್ಚೆಯನ್ನೇ ಮಾಡಲಿಲ್ಲ. ಖಂಡೇನವಮಿ ಅಂದರು. ಆಯುಧಪೂಜೆಯ ದಿನ ಬಿಟ್ಟು ಎಂಜಿನ್ನಿಗೆ ಬೇರೆ ಯಾವ ದಿನ ಒಪ್ಪುತ್ತದೆ.

ಅವತ್ತು ಹೊಸೂರಿನಿಂದ ಉಣಕಲ್ ಕೆರೆಯ ದಂಡೆ ಹಿಡಿದು, ನೃಪತುಂಗ ಬೆಟ್ಟ ಹತ್ತಿ ಇಳಿಯುವ ಒಂದು ಸುತ್ತಿನ ದಾರಿಯಲ್ಲಿ ಸುರುಳಿಗಳ ಕರೆಂಟು ತೆಗೆದುಬಿಡುತ್ತಾರೆ. ಹಳೆಯ ಗಾಡಿಗಳು ಗುಡುಗುತ್ತ ಕೆಮ್ಮುತ್ತ ಹೊರಡುತ್ತವೆ. ಸದ್ದು ಕೇಳಲೆಂದೇ ಜನ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಾರೆ. ಹೊಗೆಯ ವಾಸನೆಗೆ ಮೂಗರಳಿಸಿ, ಕೆಮ್ಮು ಬಂದರೆ ಅದನ್ನೂ ಪ್ರಸಾದದಂತೆ ಸ್ವೀಕರಿಸುತ್ತಾರೆ.

ಆದರೆ ನಿಯಮ ಕಟ್ಟುನಿಟ್ಟು. ಸೂರ್ಯ ಮುಳುಗುವುದರೊಳಗೆ ಸುತ್ತು ಮುಗಿಸದ ಗಾಡಿಯ ನಂಬರ್ ಸಾಯುತ್ತದೆ. ನಂಬರ್ ಸತ್ತ ಗಾಡಿಯನ್ನು ಕರಗಿಸುವ ಕುಲುಮೆಗೆ ಒಯ್ಯುತ್ತಾರೆ. ಎಂಜಿನ್ ಕೆಟ್ಟರೆ ಸ್ಟೇರಿಂಗ್ ಮುಂದೆ ಹತ್ತುವ ಹಳದಿ ದೀಪ ಉರಿಯುತ್ತಿದ್ದರೆ ಸುತ್ತಿನ ದಾರಿಗೆ ಬಿಡುವುದೇ ಇಲ್ಲ. ದೀಪವನ್ನು ಮುಚ್ಚಿಡೋಣವೆಂದರೆ ಸಾಧ್ಯವಿಲ್ಲ, ಏಕೆಂದರೆ ಪ್ರತಿ ಹಳೆಯ ಗಾಡಿಯ ಸ್ಟೇರಿಂಗ್ ಕೆಳಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಾಧನ ಸಿಕ್ಕಿಸಿರುತ್ತಾರೆ. ಎಂಜಿನ್ನಿಗೆ ಆದದ್ದನ್ನೆಲ್ಲ ಅದು ಆ ಕ್ಷಣವೇ ನಮ್ಮ ದಾರಿಮನೆಗೆ ವರದಿ ಮಾಡುತ್ತದೆ. ಅದರ ಸರಕಾರಿ ಹೆಸರು ಉದ್ದ. ಜನ ಚಾಡಿಪೆಟ್ಟಿಗೆ ಅನ್ನುತ್ತಾರೆ.

ಆ ಚಾಡಿಯನ್ನು ಕೇಳಿಸಿಕೊಳ್ಳುವ ಕೆಲಸ ನನ್ನದು. ದಾರಿಮನೆ ಎಂದರೆ ಊರಿನ ರಸ್ತೆಗಳನ್ನೆಲ್ಲ ನೋಡಿಕೊಳ್ಳುವ ನಿಯಂತ್ರಣ ಕೋಣೆ. ನಾನಲ್ಲಿ ಪಾಳಿ ಅಧಿಕಾರಿ. ವರ್ಷದ ಉಳಿದ ದಿನ ರಜೆ ಕೇಳಬಹುದು, ಹೊಗೆದಿನ ಮಾತ್ರ ಯಾರಿಗೂ ಇಲ್ಲ. ಹೀಗಾಗಿ ಮಗಳು ಬೆಳೆದಷ್ಟೂ ಕಾಲ, ನಮ್ಮ ಸ್ವಂತ ಕಾರು ಸುತ್ತು ಹೊಡೆಯುವುದನ್ನು ನಾನು ನೋಡಿದ್ದು ಪರದೆಯ ಮೇಲಿನ ಒಂದು ಹಸಿರು ಚುಕ್ಕೆಯಾಗಿ. ಈ ಸಲ ಮಾತ್ರ ಮೊದಲೇ ಕಾಲು ಹಿಡಿದು ಬೆಳಗಿನ ಪಾಳಿ ಹಾಕಿಸಿಕೊಂಡಿದ್ದೆ. ಮಧ್ಯಾಹ್ನ ಬಿಡುಗಡೆ, ಆಮೇಲೆ ಮಗಳ ಬಾಜೂಕ ಸೀಟು.

"ನೆನಪೈತಿಲ್ಲ?" ಎಂದು ಇಬ್ಬನಿ ಬೆಳಗ್ಗೆ ನಾನು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಕೈಯಲ್ಲಿ ನೀರಿನ ಪೈಪು, ತಲೆಗೆ ಟವಲು.

"ಐತಿ. ನೀ ಓಡಸ್ತಿ, ನಾ ಬಾಜೂಕ ಕುಂದರ್ತೀನಿ."

"ಮತ್ತ?"

"ಮಾತಾಡೂದಿಲ್ಲ."

"ಅದೊಂದು ಆಗಂಗಿಲ್ಲ ಬಿಡು," ಎಂದರು ಒಳಗಿಂದ ನಮ್ಮಪ್ಪ. "ನಿಮ್ಮವ್ವ ಹುಟ್ಟಿದಾಗ ಅಳೂ ಬದ್ಲಿ ನರ್ಸಮ್ಮಗ ಏನೋ ಸೂಚನಾ ಕೊಟ್ಟಾಳ."

ನಮ್ಮಪ್ಪನ ಹೆಸರು ರಿತ್ವಿಕ್. ಅವರ ಕಾಲದಲ್ಲಿ ಓಣಿಗೆ ನಾಲ್ಕು ಜನ ರಿತ್ವಿಕ್ ಇದ್ದರಂತೆ. ಈಗ ಅದು ಶುದ್ಧ ಅಜ್ಜಂದಿರ ಹೆಸರು. ದಂತವೈದ್ಯರಾಗಿ ನಿವೃತ್ತಿಯಾದರೂ ಸಾಮಾನಿನ ಪೆಟ್ಟಿಗೆಯನ್ನು ಕೈಬಿಟ್ಟಿಲ್ಲ. ಕಾರು ಅವರದೇ. ಬಿಳಿ ಬಣ್ಣ, ದಪ್ಪ ಮೈ, ಯಾರು ಎಷ್ಟೇ ಹಾರ್ನ್ ಹೊಡೆದರೂ ತನ್ನ ನಡಿಗೆ ಬಿಡದ ಸ್ವಭಾವ. ಬಿಳಿ ಎಮ್ಮೆ ಎಂದು ಹೆಸರಿಟ್ಟವಳು ನಮ್ಮವ್ವ. ಅವ್ವ ಹೋದಳು, ಹೆಸರು ಉಳಿಯಿತು.

ದಾರಿಮನೆಯಲ್ಲಿ ಕೂತಾಗ ಪರದೆಯ ತುಂಬ ಹಸಿರು ಚುಕ್ಕೆಗಳಿದ್ದವು. ಪ್ರತಿ ಚುಕ್ಕೆಯೂ ಯಾರದೋ ಮನೆಯ ಅಂಗಳದಲ್ಲಿ ಸ್ನಾನಕ್ಕೆ ನಿಂತ ಒಂದು ಹಳೆಯ ಗಾಡಿ. ವರ್ಷಕ್ಕೊಮ್ಮೆ ಹೊರಬರುವ ಗಾಡಿಯಲ್ಲವೆ, ಖಂಡೇನವಮಿಯ ಬೆಳಗ್ಗೆ ಅದಕ್ಕೆ ಮದುಮಗನ ಉಪಚಾರ. ಮೈ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಆಮೇಲೆ ಕೀಲಿ ತಿರುಗಿಸುವುದು.

ಸ್ವಲ್ಪ ಹೊತ್ತಿಗೆ ಕೇಶ್ವಾಪುರದ ಕಡೆ ಒಂದು ಚುಕ್ಕೆ ಹಳದಿಯಾಯಿತು. ಅದರ ಪಕ್ಕದಲ್ಲಿ ಇನ್ನೊಂದು. ಇದು ಪ್ರತಿ ವರ್ಷದ್ದೇ. ನಮ್ಮ ಯಂತ್ರಬುದ್ಧಿ, ಅದನ್ನು ಸಾರಥಿ ಅನ್ನುತ್ತೇವೆ, ಪ್ರತಿ ವರ್ಷದಂತೆಯೇ ತೀರ್ಪು ಬರೆಯಿತು: ಕಿಡಿ ತಪ್ಪುತ್ತಿದೆ, ಎಂಜಿನ್ ಮುಪ್ಪು, ಸೂರ್ಯಾಸ್ತಕ್ಕೆ ನಂಬರ್ ರದ್ದು ಮಾಡಲು ಶಿಫಾರಸು.

"ಶುರುವಾತು ನೋಡ್ರಿ," ಎಂದರು ಹಿಂದಿನಿಂದ ಉಳ್ಳಾಗಡ್ಡಿ ಮೇಡಂ. ಅವರು ನಮ್ಮ ಮುಖ್ಯಸ್ಥೆ. ನಂಬರ್ ಸಾಯಿಸುವ ಗುಂಡಿ ಅವರ ಮೇಜಿನ ಮೇಲಿದೆ. ಆ ಗುಂಡಿ ಇರುವ ಕಾರಣಕ್ಕೋ ಏನೋ, ಹೊಗೆದಿನ ಅವರು ಯಾರೊಂದಿಗೂ ಕೂತು ಚಹಾ ಕುಡಿಯುವುದಿಲ್ಲ.

ಕಿಡಿ ತಪ್ಪುವುದು ಅಂದರೆ ಇಷ್ಟೇ. ಎಂಜಿನ್ನಿನಲ್ಲಿ ನಾಲ್ಕು ಉರುಳೆ ಕೋಣೆಗಳು, ಸಿಲಿಂಡರುಗಳು. ಪ್ರತಿಯೊಂದರಲ್ಲೂ ಸರದಿಯ ಮೇಲೆ ಕಿಡಿ ಹಾರಿ ಪೆಟ್ರೋಲ್ ಆವಿ ಸಿಡಿಯುತ್ತದೆ, ಒಂದು ನೂಕು ಸಿಗುತ್ತದೆ. ನಾಲ್ಕು ಜನ ಸರದಿಯಲ್ಲಿ ಒಂದು ಜೋಕಾಲಿ ತೂಗಿದ ಹಾಗೆ. ಒಬ್ಬ ಕೈಬಿಟ್ಟರೆ ಜೋಕಾಲಿ ನಿಲ್ಲುವುದಿಲ್ಲ, ಆದರೆ ಆ ಸರದಿಗೆ ಕೂದಲೆಳೆಯಷ್ಟು ತಡವಾಗುತ್ತದೆ. ಆ ಕೂದಲೆಳೆಯನ್ನು ಹಿಡಿಯುವುದೇ ಚಾಡಿಪೆಟ್ಟಿಗೆಯ ಕೆಲಸ.

ನಾನು ಚಹಾ ಬಟ್ಟಲನ್ನು ತುಟಿಗೆ ತಂದಿದ್ದೆ. ವಿದ್ಯಾನಗರದಲ್ಲಿ ಒಂದು ಚುಕ್ಕೆ ಹಳದಿಯಾಯಿತು. ನಂಬರ್ ಓದುವ ಅಗತ್ಯವೇ ಬೀಳಲಿಲ್ಲ. ನಮ್ಮ ಮನೆಯ ತಿರುವು ನನಗೆ ಗೊತ್ತಿಲ್ಲವೆ.

ಎರಡನೇ ಸಿಲಿಂಡರ್. ಕಿಡಿ ತಪ್ಪುತ್ತಿದೆ. ಎಂಜಿನ್ ಮುಪ್ಪು.

ಫೋನ್ ನಾನು ಮಾಡುವುದರೊಳಗೆ ಅದೇ ಬಡಿದುಕೊಂಡಿತು. ಪರದೆಯಲ್ಲಿ ಇಬ್ಬನಿಯ ಮುಖ, ಹಣೆಯ ಮೇಲೆ ಕುಂಕುಮದ ಬದಲು ಗ್ರೀಸು.

"ಅವ್ವಾ, ಎಮ್ಮಿ ಕುಂಟಾಕತ್ತೈತಿ. ಹಳದಿ ದೀಪ ಹತ್ತೈತಿ."

"ಗೊತ್ತಾತು. ಮಿಟಕತೈತೋ, ಸುಮ್ನ ಉರೀತೈತೋ?"

"ಸುಮ್ನ."

"ಹಂಗಿದ್ರ ಉಸಿರೈತಿ. ಮಿಟಕಿದ್ರ ಮಾತ್ರ ಹೊಗಿಕೊಳವಿನೂ ಸುಟ್ಟಹೋಗತೈತಿ. ಮೊದ್ಲ ಬಂದ್ ಮಾಡು."

ಹಿಂದೆ ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತದ್ದು ಕಾಣುತ್ತಿತ್ತು. "ಮುಪ್ಪು ಅಂತ ಬರದಾನೇನು ನಿಮ್ಮ ಸಾರಥಿ? ನನಗೂ ಹಂಗ ಬರದಾನು ಅವ. ನಾ ಇವತ್ತೂ ಕಬ್ಬು ಸಿಗದು ತಿಂತೀನಿ."

"ಅಪ್ಪಾ, ನಿಮ್ಮ ಹಲ್ಲಿನ ಮಾತು ಆಮ್ಯಾಲ. ಇಬ್ಬನಿ, ಕೇಳು. ಎಂಜಿನ್ ಮ್ಯಾಲ ಸಾಲಾಗಿ ನಾಕು ಕರೀ ಟೊಪಗಿ ಅದಾವಲ್ಲ, ಅವು ಕಾಯಿಲ್. ಪ್ಲಗ್ಗಿಗೆ ಕರೆಂಟು ಕೊಡೂವು. ಎರಡನೇದ್ದು ತಗದು ಮೂರನೇದ್ದಕ್ಕ ಹಾಕು, ಮೂರನೇದ್ದು ಎರಡನೇದ್ದಕ್ಕ. ಆಮ್ಯಾಲ ಚಾಲೂ ಮಾಡು. ಕುಂಟೂದು ಮೂರನೇದ್ದಕ್ಕ ಹ್ವಾದ್ರ ತಪ್ಪು ಕಾಯಿಲ್‌ದು. ಎರಡರಾಗ ಕುಂತ್ರ ತಪ್ಪು ಆ ಸಿಲಿಂಡರ್ ಮನೀದು, ಪ್ಲಗ್ಗೋ ಮತ್ತೊಂದೋ."

"ಅಂದ್ರ ಇಬ್ಬರು ಜಗಳಗಂಟರನ್ನ ಬ್ಯಾರೆ ಬ್ಯಾರೆ ಬೆಂಚಿನ್ಯಾಗ ಕುಂಡ್ರಿಸಿ ನೋಡಿದಂಗ."

"ಹೂಂ. ಹಂಗ."

ಮೆಕ್ಯಾನಿಕ್ ಅನ್ನುವ ಕಸುಬು ಈಗ ಉಳಿದಿಲ್ಲ. ಈ ಅದಲುಬದಲಿನ ಪರೀಕ್ಷೆ ನಮಗೆ ತರಬೇತಿಯಲ್ಲಿ ಒಂದು ಪುಟದ ಪಾಠವಾಗಿ ಬಂದಿತ್ತು, ಯಾರೂ ಎಂದೂ ಮಾಡಿ ನೋಡಿರಲಿಲ್ಲ. ಅಪ್ಪ ಒಂದೊಂದೇ ಬೋಲ್ಟ್ ಬಿಚ್ಚಿ ಕಾಯಿಲ್ ಎಳೆದರು. "ದವಡಿ ಹಲ್ಲು ಕೀಳೂಕಿಂತ ಭಾಳ ಸರಳ. ಇದಕ್ಕ ಸೂಜಿ ಕೊಡೂದಿಲ್ಲ, ಇದು ಒದರೂದೂ ಇಲ್ಲ."

ನಾನು ಪರದೆ ನೋಡುತ್ತ ಕೂತೆ. ಅವರು ಕೀಲಿ ತಿರುಗಿಸಿದ್ದು ಫೋನಿನಲ್ಲಿ ಕೇಳಿತು. ಚಾಡಿಪೆಟ್ಟಿಗೆ ತಡಮಾಡಲಿಲ್ಲ.

ಎರಡನೇ ಸಿಲಿಂಡರ್. ಮೂರನೇ ಸಿಲಿಂಡರ್. ಎರಡೂ.

"ಅವ್ವಾ, ಈಗ ಎಮ್ಮಿ ಎರಡ ಕಾಲಿನ ಮ್ಯಾಲ ನಿಂತೈತಿ," ಎಂದಳು ಇಬ್ಬನಿ. ಅವಳ ದನಿ ತೆಳ್ಳಗಾಗಿತ್ತು. "ನಾವ ಕೆಡಿಸಿದ್ವೇನು?"

"ಬಂದ್ ಮಾಡು. ನಾ ಒಂದು ಕ್ಷಣ ವಿಚಾರ ಮಾಡ್ತೀನಿ."

ತಪ್ಪು ಕಾಯಿಲ್‌ನದಾಗಿದ್ದರೆ ಅದರೊಂದಿಗೆ ಹೋಗಬೇಕು. ಮನೆಯದಾಗಿದ್ದರೆ ಮನೆಯಲ್ಲೇ ಕೂರಬೇಕು. ಇದು ಹೋಗಿಯೂ ಹೋಗಿತ್ತು, ಉಳಿದೂ ಉಳಿದಿತ್ತು. ಸಾರಥಿ ಈ ಹೊಸ ಚಾಡಿಯನ್ನೂ ಓದಿ, ಮುಪ್ಪು ಎಂಬ ಪದದ ಹಿಂದೆ "ತೀವ್ರ" ಎಂದು ಸೇರಿಸಿತು. ಗೋಡೆಯ ಮೇಲೆ ಸೂರ್ಯಾಸ್ತದ ಸಮಯ ಸಣ್ಣ ಅಂಕಿಯಲ್ಲಿ ಮಿನುಗುತ್ತಿತ್ತು. ಪಕ್ಕದಲ್ಲಿ ನನ್ನದೇ ಕೀಲಿಮಣೆಯ ಮೇಲೆ, ದೀಪ ಆರಿಸುವ ಗುಂಡಿ. ಒತ್ತಿದರೆ ಆ ಚುಕ್ಕೆ ಹಸಿರಾಗುತ್ತದೆ. ಗಾಡಿ ಕುಂಟುತ್ತಲೇ ಸುತ್ತಿನ ದಾರಿಗೆ ಇಳಿಯುತ್ತದೆ, ಬೆಟ್ಟದ ಏರಿನಲ್ಲಿ ದೀಪ ಮಿಟುಕುತ್ತದೆ, ಅಲ್ಲೇ ರಸ್ತೆ ಮಧ್ಯದಲ್ಲಿ ಸಾಯುತ್ತದೆ, ಮಗಳ ಕೈಯಲ್ಲಿ. ನಾನು ಎರಡೂ ಕೈಗಳನ್ನು ಮಡಿಲಿಗೆ ಹಾಕಿಕೊಂಡೆ.

ನನ್ನ ಕಣ್ಣು ಪರದೆಯ ಮೇಲಿನ ಊರಿನ ನಕಾಶೆಗೆ ಹೋಯಿತು.

ಕೇಶ್ವಾಪುರ ಪೂರ್ತಿ ಹಳದಿಯಾಗಿತ್ತು. ಅಲ್ಲಿಂದ ವಿದ್ಯಾನಗರ. ಈಗ ಉಣಕಲ್ ಕಡೆ ಒಂದೊಂದೇ ಚುಕ್ಕೆ ಬಣ್ಣ ಬದಲಿಸುತ್ತಿತ್ತು. ಗೋಕುಲ ರಸ್ತೆ ಇನ್ನೂ ಹಸಿರು. ಮುಪ್ಪು ಓಣಿ ಹಿಡಿದು ಬರುತ್ತದೆಯೆ? ಈ ಸರದಿ ನನಗೆ ಗೊತ್ತು. ಎಲ್ಲಿ ಗೊತ್ತು? ಕೇಶ್ವಾಪುರ, ಆಮೇಲೆ ನಾವು, ಆಮೇಲೆ ಉಣಕಲ್, ಕೊನೆಗೆ ಗೋಕುಲ ರಸ್ತೆ. ಇದು ಹುಬ್ಬಳ್ಳಿಯ ಯಾವ ಹೆಂಗಸಿಗೂ ಬಾಯಿಪಾಠವಿರುವ ಸರದಿ. ಹಬ್ಬದ ಬೆಳಗ್ಗೆ ನಳಕ್ಕೆ ನೀರು ಬಿಡುವ ಸರದಿ.

ನಾನು ಫೋನಿಗೆ ಬಾಗಿ ಕೇಳಿದೆ, "ಇಬ್ಬನಿ, ಮುಂಜಾನೆ ಪೈಪಿನಿಂದ ಏನೇನು ತೊಳದ್ರಿ?"

"ಗಾಡಿ."

"ಗಾಡಿ ಅಂದ್ರ?"

ಅವಳು ಅಜ್ಜನ ಮುಖ ನೋಡಿದಳು. ಅಜ್ಜ ಹೂಮಾಲೆ ಸರಿಮಾಡುವುದರಲ್ಲಿ ಮಗ್ನರಾದರು.

"ಅಪ್ಪಾ."

"ಅಲ್ಲವಾ, ಪೂಜಾ ಎಂಜಿನ್ನಿಗೆ ಅಂದ ಮ್ಯಾಲ ಜಳಕಾ ಎಂಜಿನ್ನಿಗೆ ಬ್ಯಾಡೇನು? ಮೈ ತೊಕ್ಕೊಂಡು ಮಾರಿ ತೊಕ್ಕೊಳ್ದ ದೇವರ ಮುಂದ ನಿಂದ್ರತೀಯೇನು ನೀನು? ಬಾನೆಟ್ ತಗದು ಪೈಪ್ ಹಿಡದ್ವಿ. ಭಾಳ ಚಲೋ ಸ್ವಚ್ಛಾತು."

"ಪೈಪ್ ಜೋರಿತ್ತೇನು?"

"ಹಬ್ಬದ ನೀರು. ಅದರ ಜೋರ ಕೇಳಬ್ಯಾಡ."

ನನಗೆ ನಗು ಬಂತು. ಹೋಗಿಯೂ ಹೋಗುವಂಥದ್ದು, ಉಳಿದೂ ಉಳಿಯುವಂಥದ್ದು ನೀರಲ್ಲದೆ ಮತ್ತೇನು. ಪ್ಲಗ್ ಕೂರುವುದು ಎಂಜಿನ್ನಿನ ತಲೆಯಲ್ಲಿ ಒಂದು ಆಳವಾದ ಬಾವಿಯೊಳಗೆ. ಅದರ ಬಾಯಿಗೆ ಕಾಯಿಲ್‌ನ ರಬ್ಬರೇ ಮುಚ್ಚಳ. ವರ್ಷವಿಡೀ ನಿಂತಲ್ಲೇ ನಿಂತ ಗಾಡಿಯ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ಪೈಪಿನ ನೀರು ಬಿರುಕಿನಿಂದ ಇಳಿದು ಬಾವಿಯ ತಳದಲ್ಲಿ ಕೂರುತ್ತದೆ. ಪ್ಲಗ್ಗಿನ ತುದಿಗೆ ಹೋಗಬೇಕಾದ ಕರೆಂಟು ನೀರಿನ ದಾರಿ ಹಿಡಿದು ಪಕ್ಕಕ್ಕೆ ಜಾರುತ್ತದೆ, ಕಿಡಿ ಹಾರುವುದಿಲ್ಲ. ಕಾಯಿಲ್ ಎತ್ತಿ ಬೇರೆ ಕಡೆ ಹಾಕಿದರೆ ಅರ್ಧ ಪಸೆ ಅದರ ಹೊಟ್ಟೆಯೊಳಗೆ ಹೊಸ ಮನೆಗೆ ಹೋಗುತ್ತದೆ, ಅರ್ಧ ಹಳೆಯ ಬಾವಿಯಲ್ಲೇ ಉಳಿದು ಹೊಸಬನನ್ನೂ ಕೆಡಿಸುತ್ತದೆ.

ಸಾರಥಿಗೆ ಇದು ಹೇಗೆ ಗೊತ್ತಾಗಬೇಕು. ಎಂಜಿನ್ನಿನ ರೋಗಗಳನ್ನೆಲ್ಲ ಅದಕ್ಕೆ ಕಲಿಸಿದ್ದರು. ಎಂಜಿನ್ನಿಗೆ ಹಬ್ಬದ ಸ್ನಾನ ಮಾಡಿಸುವವರಿದ್ದಾರೆಂದು ಯಾರೂ ಹೇಳಿರಲಿಲ್ಲ. ನಮಗಾದರೂ ಎಲ್ಲಿ ಹೊಳೆದಿತ್ತು. ಮನೆಯಲ್ಲಿ ತೊಳೆಯುವಾಗ ದಾರಿಮನೆ ನೆನಪಾಗುತ್ತಿರಲಿಲ್ಲ, ದಾರಿಮನೆಯಲ್ಲಿ ಕೂತಾಗ ಮನೆಯ ನಳ ನೆನಪಾಗುತ್ತಿರಲಿಲ್ಲ.

ಮೇಡಂ ಹತ್ತಿರ ಹೋಗಿ ನಕಾಶೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಗೋಕುಲ ರಸ್ತೆಯ ಮೊದಲ ಚುಕ್ಕೆ ಆಗ ಹಳದಿಯಾಯಿತು.

"ಈಗ ಅಲ್ಲಿ ನಳ ಬಂತು ಅಂತೀರಿ," ಎಂದರು.

"ನಮ್ಮ ಚಿಗವ್ವ ಅಲ್ಲೇ ಇರೂದು. ಫೋನ್ ಹಚ್ಚಿ ಕೇಳ್ಲೇನು?"

"ಬ್ಯಾಡ." ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಹ್ವಾದ ವರ್ಷ ನಮ್ಮಪ್ಪನ ಗಾಡೀನೂ ಹಿಂಗ. ಮುಂಜಾನೆ ನಾವ ಅಕ್ಕತಂಗ್ಯಾರು ಕೂಡಿ ತೊಳದ್ವಿ. ಸಂಜೀಕ ಇಲ್ಲಿ ಕುಂತು ನಾನ ಗುಂಡಿ ಒತ್ತಿದೆ."

ಅವರು ಕನ್ನಡಕ ಹಾಕಿಕೊಂಡು ಎಂದಿನ ದನಿಗೆ ಬಂದರು. "ನಿಮ್ಮ ಮಾತು ಛಂದೈತಿ. ಛಂದ ಅದ ಅಂತ ಊರಿನ ತೀರ್ಪು ಬದಲಸಾಕ ಬರೂದಿಲ್ಲ. ಒಂದು ಗಾಡಿ ತೋರಸ್ರಿ, ಒಣಗಿಸಿದ್ರ ಆರಾಮಾಗೂ ಒಂದು ಗಾಡಿ. ನಿಮ್ಮ ಮನೀದ ಇರ್ಲಿ. ಆದ್ರ ದೀಪ ನಾ ಆರಸ್ತೀನಿ. ನೀವು ಕೈ ಹಚ್ಚೂಹಂಗಿಲ್ಲ."

ಫೋನನ್ನು ಮೇಡಂ ಮೇಜಿನ ಮೇಲೆ ನಿಲ್ಲಿಸಿದೆ. ಮನೆಯ ಅಂಗಳದಲ್ಲಿ ಅಪ್ಪ ತಮ್ಮ ಪೆಟ್ಟಿಗೆ ತೆರೆದಿದ್ದರು. ಉದ್ದ ಹಿಡಿಕೆಯ ಪುಟ್ಟ ಕನ್ನಡಿ, ಸಣ್ಣ ಟಾರ್ಚು, ಹಲ್ಲಿನ ಕುಳಿಗೆ ಗಾಳಿ ಊದುವ ಪಿಚಕಾರಿ. ಬಿಳಿ ಅಂಗಿಯ ತೋಳು ಮಡಚಿ ಎರಡನೇ ಬಾವಿಯೊಳಗೆ ಕನ್ನಡಿ ಇಳಿಸಿದರು.

"ಏನೈತ್ರಿ?" ಎಂದರು ಮೇಡಂ, ಪರಿಚಯದ ಮಾತಿಲ್ಲದೆ.

"ಯಾರ ಅದು?"

"ನಮ್ಮ ಮೇಡಂ, ಅಪ್ಪಾ."

"ನಮಸ್ಕಾರ್ರೀ. ಒಳಗ ಸಣ್ಣ ಕೆರಿ ಐತಿ. ಕುಂಕುಮಾನೂ ಕರಗಿ ಕೆಂಪಗ ನಿಂತೈತಿ. ಮಾವಿನ ಎಲಿ ಒಂದ ಕಡಿಮಿ, ಇಲ್ಲಂದ್ರ ಕಳಸ ಇಡಬಹುದಿತ್ತು." ಕಾರಿನ ಕಡೆ ತಿರುಗಿದರು. "ಬಾಯಿ ತಗದಿರು, ಮುಚ್ಚಬ್ಯಾಡ. ನೋವಾದ್ರ ಕೈ ಎತ್ತು."

ಇಬ್ಬನಿ ಬಿದ್ದು ಬಿದ್ದು ನಕ್ಕಳು. ಅಜ್ಜ ಗಾಳಿ ಊದಿದರು. ಕೆಂಪು ನೀರು ಚಿಮ್ಮಿ ಅವರ ಬಿಳಿ ಅಂಗಿಯ ಮೇಲೆ ಓಕುಳಿಯಾಯಿತು. ಹತ್ತಿಯ ಉಂಡೆ ಮಾಡಿ ಚಿಮುಟದಲ್ಲಿ ಹಿಡಿದು ತಳ ಒರೆಸಿದರು, ಅದನ್ನೇ ತೋರಿಸಿ ಮತ್ತೊಂದು ತೆಗೆದುಕೊಂಡರು. ಇಬ್ಬನಿ ತನ್ನ ತಲೆಗೂದಲು ಒಣಗಿಸುವ ಯಂತ್ರ ತಂದು ಕಾಯಿಲ್‌ಗಳಿಗೆ ಬಿಸಿಗಾಳಿ ಹಿಡಿದಳು, ತಾಯಿ ಕೂಸಿನ ತಲೆ ಒಣಗಿಸುವ ಹಾಗೆ ಅತ್ತ ಇತ್ತ ತಿರುಗಿಸುತ್ತ. ಬಿರುಕಿದ್ದ ರಬ್ಬರಿಗೆ ಅಪ್ಪ ಹಲ್ಲಿಗೆ ತುಂಬುವ ಯಾವುದೋ ಬಿಳಿ ಹಿಟ್ಟು ಮೆತ್ತಿದರು. "ಇದು ಹತ್ತು ವರ್ಷ ಹೋಗೂದಿಲ್ಲ. ಊಟ ಮಾತ್ರ ಎರಡು ತಾಸು ಬಿಟ್ಟು ಮಾಡಬೇಕು."

ಕೀಲಿ ತಿರುಗಿತು.

ಮೊದಲು ಒಂದು ಕೆಮ್ಮು. ಆಮೇಲೆ ಎಮ್ಮೆ ತನ್ನ ಹಳೆಯ ಗುರುಗುರು ಶುರುಮಾಡಿತು. ಮೇಡಂ ಮತ್ತು ನಾನು ಪರದೆಯ ಮೇಲೆ ಎಂಜಿನ್ನಿನ ನೂಕು ತೋರಿಸುವ ಜೋಕಾಲಿಯ ಗೆರೆ ನೋಡುತ್ತಿದ್ದೆವು. ಒಂದು, ಎರಡು, ಮೂರು, ನಾಲ್ಕು. ಎಲ್ಲರೂ ತಮ್ಮ ಸರದಿಗೆ ತಪ್ಪದೆ ತೂಗುತ್ತಿದ್ದರು. ಮೇಡಂ ಅವಸರ ಮಾಡಲಿಲ್ಲ. ಇಬ್ಬನಿಗೆ ಎಕ್ಸಲರೇಟರ್ ಒತ್ತಿ ಹಿಡಿಯಲು ಹೇಳಿದರು, ಬಿಡಲು ಹೇಳಿದರು, ಮತ್ತೆ ಒತ್ತಲು ಹೇಳಿದರು. ಎಂಜಿನ್ ಚೆನ್ನಾಗಿ ಕಾದ ಮೇಲೂ ಗೆರೆ ಅಲುಗಲಿಲ್ಲ. ಆಮೇಲೆ ತಮ್ಮ ಮೇಜಿನ ಮೇಲೆ ದೀಪ ಆರಿಸುವ ಗುಂಡಿಯನ್ನು, ವರ್ಷಗಳಿಂದ ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಗುಂಡಿಯನ್ನು, ಬೆರಳಿನಿಂದ ಒರೆಸಿ ಒತ್ತಿದರು.

ವಿದ್ಯಾನಗರದ ತಿರುವಿನಲ್ಲಿ ಒಂದು ಚುಕ್ಕೆ ಹಸಿರಾಯಿತು.

"ಆರಿತು," ಎಂದಳು ಇಬ್ಬನಿ ಅಲ್ಲಿಂದ. ಅಜ್ಜ ಎಂಜಿನ್ನಿಗೆ ಮತ್ತೆ ಕುಂಕುಮ ಹಚ್ಚಲು ಹೋದರು, ಅವಳು ಕೈ ಹಿಡಿದು ಬಾನೆಟ್ಟಿನ ಹೊರಗೆ ಹಚ್ಚಿಸಿದಳು.

ಮೇಡಂ ಮೈಕು ಎಳೆದುಕೊಂಡರು. ನಮ್ಮ ರಸ್ತೆಗಳಿಗೆ ದನಿಯಿದೆ. ಅಪಘಾತವೋ ಪ್ರವಾಹವೋ ಇದ್ದಾಗ ಮಾತ್ರ ಬಳಸುತ್ತೇವೆ. ಆ ಮಧ್ಯಾಹ್ನ ಹುಬ್ಬಳ್ಳಿಯ ಎಲ್ಲ ರಸ್ತೆಗಳೂ ಒಟ್ಟಿಗೆ ಉಳ್ಳಾಗಡ್ಡಿ ಮೇಡಂ ದನಿಯಲ್ಲಿ ಹೇಳಿದವು: "ಹಳದಿ ದೀಪ ಹತ್ತಿದವರು ಅಳಬ್ಯಾಡ್ರಿ. ಎಂಜಿನ್ ಬಂದ್ ಮಾಡಿ, ಕಾಯಿಲ್ ತಗದು, ಒಳಗಿನ ನೀರು ಒಣಗಸ್ರಿ. ಜಳಕಾ ಮಾಡಿಸಿದ ಮ್ಯಾಲ ತಲಿ ಒರಸೂದು ನಿಮಗ ಹೇಳಿಕೊಡಬೇಕೇನು?"

ಆಮೇಲಿನದನ್ನು ನಾನು ಕ್ಯಾಮೆರಾಗಳಲ್ಲಿ ನೋಡಿದೆ. ಓಣಿ ಓಣಿಗಳಲ್ಲಿ ಜನ ಬಾನೆಟ್ ತೆರೆದರು. ಬೀಸಣಿಕೆ, ಮೊರ, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು, ದೋಸೆ ಹಂಚಿನ ಮೇಲೆ ಕಾಯಿಸಿದ ಬಟ್ಟೆ. ಉಣಕಲ್ಲಿನಲ್ಲಿ ಒಬ್ಬ ಅಜ್ಜಿ ಬಾಣಂತಿಗೆ ಹಾಕುವಂತೆ ಲೋಬಾನದ ಹೊಗೆ ಹಾಕಿಸುತ್ತಿದ್ದಳು, ಯಾರೋ ಕೆಂಡ ದೂರ ಹಿಡಿ ಎಂದು ಬಡಕೊಳ್ಳುತ್ತಿದ್ದರು. ಕೇಶ್ವಾಪುರದ ಬ್ಯಾಂಡಿನವರು ತಮ್ಮ ತುತ್ತೂರಿಯ ಬಾಯನ್ನು ಬಾವಿಗೆ ಹಿಡಿದು ಊದಿದರು, ಸದ್ದಿನ ಸಮೇತ. ಒಂದೊಂದಾಗಿ ಚುಕ್ಕೆಗಳು ಹಸಿರಾಗತೊಡಗಿದವು. ಎಲ್ಲವೂ ಆಗಲಿಲ್ಲ, ಕೆಲವಕ್ಕೆ ನಿಜವಾಗಿ ಮುಪ್ಪೇ ಬಂದಿತ್ತು. ಆದರೆ ಮೇಡಂ ಕೈ ಆ ಧೂಳಿನ ಗುಂಡಿಯಿಂದ ಏಳಲೇ ಇಲ್ಲ, ಆಗಲೇ ಅದು ಮಿರಮಿರ ಮಿಂಚುತ್ತಿತ್ತು.

ನನ್ನ ಪಾಳಿ ಮುಗಿದು ಹೋಗಿತ್ತು. ಎಷ್ಟೋ ಚುಕ್ಕೆಗಳು ಇನ್ನೂ ಕಾಯುತ್ತಿದ್ದವು. ಪ್ರತಿಯೊಂದರ ಗೆರೆ ನೋಡಿ ಹೌದು ಅಲ್ಲ ಹೇಳಲು ಕಣ್ಣುಗಳು ಬೇಕಿದ್ದವು. ನಾನು ಎದ್ದವಳು ಮತ್ತೆ ಕೂತೆ. ಇದೂ ಪ್ರತಿ ವರ್ಷದ್ದೇ. ಕೂತ ಮೇಲೆ ಫೋನ್ ಕೈಗೆತ್ತಿಕೊಂಡು, ಇಬ್ಬನಿ, ಅಜ್ಜನ್ನ ಕರಕೊಂಡು ಹೋಗಿಬಿಡು ಎಂಬ ಮಾತನ್ನು ನಾಲಿಗೆಯ ಮೇಲೆ ಜೋಡಿಸುತ್ತಿದ್ದೆ.

"ಯಾರಿಗೆ ಫೋನು?" ಎಂದರು ಮೇಡಂ ತಿರುಗದೆ.

"ಮಗಳಿಗ್ರಿ. ಇಲ್ಲಿ ಇನ್ನೂ ಇಷ್ಟೊಂದ..."

"ನೋಡವಾ," ಎಂದರು ಅವರು. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. "ನಮ್ಮಪ್ಪ ಹ್ವಾದ ವರ್ಷ ಸಂಜೀತನಕ ಗಾಡ್ಯಾಗ ಕುಂತಿದ್ದ, ನಾ ಬರತೀನಂತ. ನಾ ಇಲ್ಲಿದ್ದೆ. ಈ ಗೆರಿ ನೋಡೂದು ನನಗೂ ಬರತೈತಿ. ಸಾರಥಿಗೂ ಈಗ ಬಂತು, ನೀರು, ಒದ್ದಿ ಅನ್ನೂ ಶಬ್ದ ಕಲಿಸೀನಿ. ಎದ್ದು ಹೋಗ್ರಿ."

ನಾನು ಎದ್ದೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವರು ನಾನು ಬಿಟ್ಟ ತಣ್ಣಗಿನ ಚಹಾ ಕುಡಿಯುತ್ತಿದ್ದರು.

ಹೊಸೂರಿನಲ್ಲಿ ಸಾಲು ದೊಡ್ಡದಿತ್ತು. ಬಿಳಿ ಎಮ್ಮೆ ಚೆಂಡುಹೂ ಹಾಕಿಕೊಂಡು, ಹೊಗೆ ಬಿಡುತ್ತ, ಮಧ್ಯದಲ್ಲಿ ನಿಂತಿತ್ತು. ಓಕುಳಿಯ ಅಂಗಿಯಲ್ಲಿ ಅಪ್ಪ ಹಿಂದಿನ ಸೀಟಿನಲ್ಲಿ. ಜೇಬಿನಿಂದ ಪುಟ್ಟ ಕನ್ನಡಿ ಇಣುಕುತ್ತಿತ್ತು. ಇಬ್ಬನಿ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ನಾನು ಬಾಜೂಕ ಕೂತು ಬಾಗಿಲು ಎಳೆದುಕೊಂಡೆ. ಸೀಟು ಇನ್ನೂ ಅವ್ವನ ಅಳತೆಗೇ ಇತ್ತು.

"ಅವ್ವಾ, ಬಾಯಿ ತಗಿ," ಎಂದಳು. ತೆಗೆದೆ. ಒಂದು ಇಡೀ ಧಾರವಾಡ ಪೇಡೆ ಒಳಗಿಟ್ಟಳು. "ಕರಗೂತನಕ ಸುಮ್ನ ಕುಂದರ್ತಿ."

ಅವಳು ಕ್ಲಚ್ ಬಿಟ್ಟಳು. ಎಮ್ಮೆ ಒಂದು ಜಿಗಿತ ಜಿಗಿದು ನಿಂತಿತು. ಕಟ್ಟೆಯ ಮೇಲಿನ ಜನ ಚಪ್ಪಾಳೆ ತಟ್ಟಿದರು. "ನಿಧಾನ ಬಿಡವಾ, ಅದು ಬಾಗಲದ ಚಿಲಕಲ್ಲ," ಎಂದರು ಯಾರೋ. ನನ್ನ ನಾಲಿಗೆಗೆ ಬಂದ ಒಂದು ಸೂಚನೆ ಪೇಡೆಗೆ ಬಡಿದು ಹಿಂತಿರುಗಿತು. ಎರಡನೇ ಸಲ ಗಾಡಿ ಹೊರಟಿತು.

ಕೆರೆಯ ದಂಡೆಯಲ್ಲಿ ಗಾಳಿ ಬಂತು. ಮೂರನೇ ಗೇರಿನಲ್ಲಿ ಎಂಜಿನ್ ಒಂದೇ ಸಮನೆ ಗುನುಗುತ್ತಿತ್ತು. ಪಾದದ ಕೆಳಗೆ, ಬೆನ್ನ ಹಿಂದೆ, ಹಲ್ಲಿನಲ್ಲಿ ಕೂಡ ಅದು ತಿಳಿಯುತ್ತಿತ್ತು. ಇಷ್ಟು ವರ್ಷ ಪರದೆಯ ಮೇಲೆ ಈ ಸುತ್ತನ್ನು ಸಾವಿರ ಸಲ ನೋಡಿದ್ದೆ. ಚುಕ್ಕೆಗೆ ಮೈ ನಡುಗುವುದಿಲ್ಲ, ಚುಕ್ಕೆಗೆ ವಾಸನೆಯಿಲ್ಲ. ಬೆಟ್ಟದ ಏರು ಬಂದಾಗ ಅವಳು ಗೇರು ಇಳಿಸಲು ತಡಮಾಡಿದಳು. ಎಮ್ಮೆ ಏದುಸಿರು ಬಿಟ್ಟಿತು. ನಾನು ಪೇಡೆಯನ್ನು ಕಚ್ಚಿ ಹಿಡಿದೆ. ನನ್ನ ಎಡಗಾಲು ತಾನಾಗಿ ಇಲ್ಲದ ಕ್ಲಚ್ಚನ್ನು ಒತ್ತಿತು. ಅದೇ ಕ್ಷಣ ಅವಳೂ ಒತ್ತಿ ಗೇರು ಇಳಿಸಿದಳು, ಗಾಡಿ ಚೇತರಿಸಿಕೊಂಡು ಏರತೊಡಗಿತು. ದೀಪದ ಜಾಗ ಕಪ್ಪಗೇ ಇತ್ತು. ಅಪ್ಪ ಹಿಂದಿನಿಂದ, "ನಾಲ್ಕೂ ಹಲ್ಲು ಗಟ್ಟಿ ಅದಾವ," ಎಂದರು.

ಮೇಲೆ ಹೋದಾಗ ಬಿಸಿಲು ಇಳಿಯುತ್ತಿತ್ತು. ಕೆಳಗೆ ಊರು, ಕೆರೆ, ಕೆರೆಯ ಸುತ್ತ ಹೊಗೆಯ ತೆಳು ಗೆರೆ ಬಿಡುತ್ತ ಸಾಲುಗಟ್ಟಿ ಬರುವ ಗಾಡಿಗಳು. ಅಷ್ಟು ಉದ್ದದ ಸಾಲನ್ನು ಎಷ್ಟೋ ವರ್ಷಗಳಿಂದ ಯಾರೂ ನೋಡಿರಲಿಲ್ಲ. ಇಬ್ಬನಿ ಗಾಡಿ ನಿಲ್ಲಿಸಲಿಲ್ಲ. ತಿರುವು ತೆಗೆದುಕೊಂಡು, ಹಾರ್ನ್ ಹೊಡೆದು, ಇಳಿಜಾರಿಗೆ ಇಳಿದಳು. ಕಣ್ಣಂಚಿನಲ್ಲಿ ನನ್ನನ್ನು ನೋಡುತ್ತಿದ್ದಳು, ನಾನು ಏನಾದರೂ ಅಂದೇನೋ ಎಂದು. ಪೇಡೆ ಎಂದೋ ಕರಗಿತ್ತು. ನಾನು ಹೊಸೂರಿನ ಗೆರೆ ದಾಟುವವರೆಗೂ ತುಟಿ ಬಿಗಿಹಿಡಿದೆ. ಸುತ್ತು ಮುಗಿಯಿತು. ನಂಬರ್ ಇನ್ನೊಂದು ವರ್ಷಕ್ಕೆ ಬದುಕಿತು. ಅವಳು ಗಾಡಿಯನ್ನು ಪಕ್ಕಕ್ಕೆ ತರಲು ಸ್ಟೇರಿಂಗ್ ತಿರುಗಿಸಿದಳು. ಪಶ್ಚಿಮದಲ್ಲಿ ಸೂರ್ಯ ಇನ್ನೂ ಒಂದು ಗೇಣು ಉಳಿದಿದ್ದ.

"ನಿಲ್ಲಿಸಬ್ಯಾಡ," ಎಂದೆ. "ಇನ್ನೊಂದು ಸುತ್ತು ಹೊಡಿ."

ಆ ಸುತ್ತಿನ ಉದ್ದಕ್ಕೂ ಮಾತಾಡಿದೆ. ಅಂದು ಅವಸರದಲ್ಲಿ ಕೊಟ್ಟದ್ದು ಮೂರು ಮಾತು. ಅವಳು ಓಡಿಸಿದಳು. ನಾನು ಬಾಜೂಕ ಕೂತೆ. ಮೂರನೆಯದನ್ನು ಮುರಿದೆ.